ಐದು ‘ಇಲ್ಲ’ಗಳ ವ್ಯಾಖ್ಯಾನ

2013ರ ಸೆಪ್ಟೆಂಬರ್ 6. ಮರುದಿನ ಆಸ್ಟ್ರೇಲಿಯಾದಲ್ಲಿ ಸಂಸತ್ತಿನ ಚುನಾವಣೆ. ವಿರೋಧ ಪಕ್ಷದ ನಾಯಕ ಟೋನಿ ಅಬಾಟ್ ಸಿಡ್ನಿಯ ಪಶ್ಚಿಮದ ಪೆನ್ರಿತ್ ಕ್ರೀಡಾಂಗಣದಿಂದ ಎಸ್‌ಬಿಎಸ್ ವಾಹಿನಿಯೊಂದಿಗೆ ನೇರ ಪ್ರಸಾರದಲ್ಲಿ ಮಾತಾಡುತ್ತಾ ಒಂದು ಭರವಸೆ ಕೊಟ್ಟರು. ಕನ್ನಡದಲ್ಲಿ ಅದು ಹೀಗಾಗುತ್ತದೆ: “ಶಿಕ್ಷಣಕ್ಕೆ ಕಡಿತ ಇಲ್ಲ, ಆರೋಗ್ಯಕ್ಕೆ ಕಡಿತ ಇಲ್ಲ, ಪಿಂಚಣಿಯಲ್ಲಿ ಬದಲಾವಣೆ ಇಲ್ಲ, ಜಿಎಸ್‌ಟಿಯಲ್ಲಿ ಬದಲಾವಣೆ ಇಲ್ಲ, ಎಬಿಸಿಗಾಗಲಿ ಎಸ್‌ಬಿಎಸ್‌ಗಾಗಲಿ ಕಡಿತ ಇಲ್ಲ.”

ಮರುದಿನ ಅವರು ಗೆದ್ದರು. ಎಂಟು ತಿಂಗಳ ನಂತರ, 2014ರ ಮೇ 13ರಂದು, ಅವರ ಖಜಾನೆ ಸಚಿವ ಜೋ ಹಾಕಿ ಮೊದಲ ಬಜೆಟ್ ಮಂಡಿಸಿದರು. ಆಸ್ಟ್ರೇಲಿಯಾದ ಜನ ತಮ್ಮ ನಾಯಕರನ್ನು ಯಾಕೆ ನಂಬುತ್ತಿಲ್ಲ ಎಂದು ಕೇಳುವವರು ಈ ಒಂದು ವಾಕ್ಯವನ್ನೂ ಆ ಒಂದು ಬಜೆಟ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಓದುವ ಮೊದಲು ಹಿನ್ನೆಲೆ ಸ್ವಲ್ಪ ಬೇಕು. 2010ರ ಚುನಾವಣೆಯಲ್ಲಿ ಲೇಬರ್ ಪಕ್ಷದ ಪ್ರಧಾನಿ ಜೂಲಿಯಾ ಗಿಲಾರ್ಡ್, ತಮ್ಮ ಸರ್ಕಾರದಲ್ಲಿ ಕಾರ್ಬನ್ ತೆರಿಗೆ ಇರುವುದಿಲ್ಲ ಎಂದಿದ್ದರು. ಬಹುಮತ ಸಿಗದೆ ಗ್ರೀನ್ಸ್ ಮತ್ತು ಪಕ್ಷೇತರರ ಬೆಂಬಲದಿಂದ ಸರ್ಕಾರ ಕಟ್ಟಿದ ಮೇಲೆ, 2012ರ ಜುಲೈ 1ರಿಂದ ಟನ್ನಿಗೆ 23 ಡಾಲರ್‌ನಂತೆ ಇಂಗಾಲಕ್ಕೆ ಬೆಲೆ ಕಟ್ಟಿದರು. ಅಬಾಟ್ ಅದನ್ನೇ ಹಿಡಿದುಕೊಂಡು, ಗಿಲಾರ್ಡ್ ಮಾತಿಗೆ ತಪ್ಪಿದರೆಂದು ದೇಶವಿಡೀ ಸಾರಿದರು. ತಮ್ಮ ಸರ್ಕಾರದಲ್ಲಿ ಅನಿರೀಕ್ಷಿತ ಆಘಾತವೂ ಇರದು, ಸಬೂಬೂ ಇರದು ಎಂದರು. ಮಾತಿಗೆ ತಪ್ಪದಿರುವುದೇ ಆಡಳಿತದ ಮೊದಲ ಅರ್ಹತೆ ಎಂದು ಜನರಿಗೆ ಕಲಿಸಿದವರು ಅವರೇ. ಆದ್ದರಿಂದ ಅವರ ಮಾತನ್ನು ಅವರದೇ ಅಳತೆಗೋಲಿನಿಂದ ಅಳೆಯುವುದರಲ್ಲಿ ಅನ್ಯಾಯವೇನೂ ಇಲ್ಲ.

“ಶಿಕ್ಷಣಕ್ಕೆ ಕಡಿತ ಇಲ್ಲ”

ಉದ್ಯಮಿ ಡೇವಿಡ್ ಗೊನ್ಸ್ಕಿ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ, ಬಡ ಮಕ್ಕಳಿರುವ ಶಾಲೆಗೆ ಹೆಚ್ಚು ಹಣ ಎಂಬ ಪದ್ಧತಿಯನ್ನು ಲೇಬರ್ ತಂದಿತ್ತು. ಈ ವಿಷಯದಲ್ಲಿ ನಾವೂ ಅವರೂ ಒಂದೇ ಎಂದು ಅಬಾಟ್ ಚುನಾವಣೆಗೆ ಮುಂಚೆ ಹೇಳಿದರು. ಗೆದ್ದು ಮೂರು ತಿಂಗಳು ತುಂಬುವಷ್ಟರಲ್ಲಿ ಶಿಕ್ಷಣ ಸಚಿವ ಕ್ರಿಸ್ಟೋಫರ್ ಪೈನ್ ಆ ವ್ಯವಸ್ಥೆಯನ್ನೇ ಹೊಸದಾಗಿ ಬರೆಯುವುದಾಗಿ ಹೊರಟರು. ಆಕ್ಷೇಪ ಎದ್ದಾಗ ಅಬಾಟ್ ಕೊಟ್ಟ ಉತ್ತರ: ನಾವು ನಿಜವಾಗಿ ಕೊಟ್ಟ ಭರವಸೆಯನ್ನು ಉಳಿಸಿಕೊಳ್ಳುತ್ತೇವೆ, ನಾವು ಕೊಟ್ಟೆವೆಂದು ಕೆಲವರು ಅಂದುಕೊಂಡ ಭರವಸೆಯನ್ನಲ್ಲ.

ನನ್ನ ದೃಷ್ಟಿಯಲ್ಲಿ ಈ ಉತ್ತರ, ಮುಂದೆ ಬಂದ ಎಲ್ಲ ಕಡಿತಗಳಿಗಿಂತ ಹೆಚ್ಚು ಹಾನಿ ಮಾಡಿತು. ಕಷ್ಟಕಾಲದಲ್ಲಿ ಸರ್ಕಾರ ಮಾತು ಬದಲಿಸಿದರೆ ಜನ ಬೈದುಕೊಂಡಾದರೂ ಸಹಿಸುತ್ತಾರೆ. ತಪ್ಪು ನಿಮ್ಮ ಕಿವಿಯದ್ದು ಎಂದರೆ ಸಹಿಸುವುದಿಲ್ಲ. ಪೈನ್ ಕೆಲವೇ ದಿನಗಳಲ್ಲಿ ಹಿಂದೆ ಸರಿದರು, ಆದರೆ ಮಾತು ಆಡಿಯಾಗಿತ್ತು.

ಬಜೆಟ್ಟಿನಲ್ಲಿ ಲೆಕ್ಕ ಇನ್ನೂ ದೊಡ್ಡದಿತ್ತು. ರಾಜ್ಯಗಳ ಶಾಲೆ ಮತ್ತು ಆಸ್ಪತ್ರೆಗಳಿಗೆ ಹೋಗಬೇಕಿದ್ದ ಹಣದಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ 80 ಬಿಲಿಯನ್ ಡಾಲರ್‌ಗೂ ಮಿಕ್ಕಿ ಉಳಿತಾಯವಾಗುತ್ತದೆಂದು ಸರ್ಕಾರದ ದಾಖಲೆಯೇ ಹೇಳಿತು. ಇದು ಕಡಿತವಲ್ಲ, ಅನುದಾನ ಪ್ರತಿವರ್ಷ ಹೆಚ್ಚುತ್ತಲೇ ಇರುತ್ತದೆ ಎಂಬುದು ಸಚಿವರ ವಾದ. ಅನುದಾನ ಹೆಚ್ಚುತ್ತಿತ್ತು, ನಿಜ. ಆದರೆ ಆಗಲೇ ಒಪ್ಪಿಕೊಂಡಿದ್ದ ವೇಗದಲ್ಲಿ ಅಲ್ಲ. ಆ ಹಣವನ್ನು ನಂಬಿ ಶಿಕ್ಷಕರ ನೇಮಕಕ್ಕೆ ಯೋಜನೆ ಹಾಕಿದ್ದ ಶಾಲೆಗೆ ಈ ವ್ಯತ್ಯಾಸದಿಂದ ಸಮಾಧಾನ ಸಿಗಲಿಲ್ಲ. ವಿಶ್ವವಿದ್ಯಾಲಯಗಳಿಗೆ ಕೊಡುವ ಸಹಾಯಧನದಲ್ಲಿ ಸರಾಸರಿ ಶೇ 20ರಷ್ಟು ಇಳಿಕೆ ಮತ್ತು ಶುಲ್ಕ ನಿಗದಿ ಮಾಡುವ ಪೂರ್ಣ ಸ್ವಾತಂತ್ರ್ಯ ಕೂಡ ಬಜೆಟ್ಟಿನಲ್ಲಿದ್ದವು. ಒಂದು ಪದವಿಗೆ ಲಕ್ಷ ಡಾಲರ್ ಸಾಲವಾಗುತ್ತದೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಆ ಮಸೂದೆಯನ್ನು ಎರಡು ಸಲ ತಳ್ಳಿಹಾಕಿತು.

“ಆರೋಗ್ಯಕ್ಕೆ ಕಡಿತ ಇಲ್ಲ”

ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರತದಿಂದ ಹೋದ ಕುಟುಂಬಗಳು ಹೆಚ್ಚಾಗಿರುವ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಂಥ ಬಡಾವಣೆಯಲ್ಲಿ ಜ್ವರ ಬಂದ ಮಗುವನ್ನು ತಾಯಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಾಳೆ ಎನ್ನಿ. ಕೌಂಟರಿನಲ್ಲಿ ಹಸಿರು ಬಣ್ಣದ ಮೆಡಿಕೇರ್ ಕಾರ್ಡ್ ಕೊಡುತ್ತಾಳೆ. ಡಾಕ್ಟರು ನೋಡಿ, ಚೀಟಿ ಬರೆದು ಕಳಿಸುತ್ತಾರೆ. ಬಿಲ್ ನೇರವಾಗಿ ಸರ್ಕಾರಕ್ಕೆ ಹೋಗುತ್ತದೆ, ತಾಯಿ ಪರ್ಸ್ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಇದಕ್ಕೆ ಅಲ್ಲಿನವರು ಬಲ್ಕ್ ಬಿಲ್ಲಿಂಗ್ ಎನ್ನುತ್ತಾರೆ. 1984ರಲ್ಲಿ ಬಾಬ್ ಹಾಕ್ ಸರ್ಕಾರ ಮೆಡಿಕೇರ್ ತಂದಾಗಿನಿಂದ ಸಾಮಾನ್ಯ ಜನ ತಮ್ಮ ತೆರಿಗೆಗೆ ಪ್ರತಿಯಾಗಿ ಕಣ್ಣಾರೆ ಕಂಡ ಫಲ ಇದು.

2014ರ ಬಜೆಟ್ ಇದರ ಮೇಲೆ 7 ಡಾಲರ್ ಶುಲ್ಕ ಹಾಕಲು ಹೊರಟಿತು. ಡಾಕ್ಟರನ್ನು ಕಂಡರೆ 7, ರಕ್ತ ಪರೀಕ್ಷೆಗೆ 7, ಎಕ್ಸ್‌ರೇಗೆ 7. ಮಕ್ಕಳಿಗೂ ರಿಯಾಯಿತಿ ಕಾರ್ಡ್ ಇರುವ ಬಡವರಿಗೂ ವರ್ಷದ ಮೊದಲ ಹತ್ತು ಸೇವೆಗಳಿಗೆ ಮಾತ್ರ ಈ ಶುಲ್ಕ. 7ರಲ್ಲಿ 2 ಡಾಲರ್ ವೈದ್ಯರಿಗೆ, ಉಳಿದ 5 ಹೊಸದಾಗಿ ಕಟ್ಟುವ ವೈದ್ಯಕೀಯ ಸಂಶೋಧನಾ ನಿಧಿಗೆ. ಆರೋಗ್ಯ ವೆಚ್ಚ ಕೈಮೀರುತ್ತಿದೆ, ಅದಕ್ಕೆ ಈ ಶುಲ್ಕ ಎಂದಿದ್ದ ಸರ್ಕಾರ, ಸಂಗ್ರಹವಾದ ಹಣ ಹೊಸ ನಿಧಿಗೆ ಹೋಗುತ್ತದೆ ಎಂದಾಗ ಕಾರಣಕ್ಕೂ ಕ್ರಮಕ್ಕೂ ಇದ್ದ ನಂಟೇ ಕಡಿಯಿತು. ಬೊಕ್ಕಸಕ್ಕೆ ತುರ್ತು ಪರಿಸ್ಥಿತಿ ಬಂದಿದೆ ಎಂಬ ಸರ್ಕಾರದ ಮಾತನ್ನು ಜನ ನಂಬದಿರಲು ಇನ್ನೊಂದು ಕಾರಣವೂ ಇತ್ತು. ಆಗ ಆಸ್ಟ್ರೇಲಿಯಾಕ್ಕೆ ಮೂರೂ ಪ್ರಮುಖ ರೇಟಿಂಗ್ ಸಂಸ್ಥೆಗಳ ಅತ್ಯುನ್ನತ ದರ್ಜೆ ಇತ್ತು, 1991ರಿಂದ ಆರ್ಥಿಕ ಹಿಂಜರಿತ ಕಂಡಿರಲಿಲ್ಲ, ಸರ್ಕಾರದ ನಿವ್ವಳ ಸಾಲ ಶ್ರೀಮಂತ ರಾಷ್ಟ್ರಗಳ ಪೈಕಿ ಕಡಿಮೆಯದ್ದರಲ್ಲಿ ಒಂದು.

ಸೆನೆಟ್ಟಿನಲ್ಲಿ ಬೆಂಬಲ ಸಿಗದೆ 2015ರ ಮಾರ್ಚ್‌ನಲ್ಲಿ ಶುಲ್ಕವನ್ನು ಕೈಬಿಟ್ಟರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಸರ್ಕಾರ ವೈದ್ಯರಿಗೆ ಕೊಡುವ ದರವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸದೆ ತಡೆಹಿಡಿಯುವ ಕ್ರಮವನ್ನು 2013ರಲ್ಲಿ ಲೇಬರ್ ಸರ್ಕಾರವೇ ಕೆಲವು ತಿಂಗಳ ಮಟ್ಟಿಗೆ ತಂದಿತ್ತು. ಹೊಸ ಸರ್ಕಾರ ಅದನ್ನು ವರ್ಷಗಟ್ಟಲೆ ಎಳೆಯಿತು. ಸಾಮಾನ್ಯ ಭೇಟಿಯೊಂದಕ್ಕೆ ಸಿಗುವ 37 ಡಾಲರ್ 5 ಸೆಂಟ್ 2014ರಿಂದ 2018ರವರೆಗೆ ಅಲುಗಲಿಲ್ಲ. ಬಾಡಿಗೆ ಏರಿತು, ನರ್ಸ್‌ಗಳ ಸಂಬಳ ಏರಿತು. ಕ್ರಮೇಣ ಒಂದೊಂದೇ ಕ್ಲಿನಿಕ್ ಬಲ್ಕ್ ಬಿಲ್ಲಿಂಗ್ ನಿಲ್ಲಿಸಿತು. ಮುಂಬಾಗಿಲಲ್ಲಿ ತಡೆದ ಶುಲ್ಕ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು, ಅದೂ 7 ಡಾಲರ್‌ಗಿಂತ ದೊಡ್ಡದಾಗಿ. ಇದಕ್ಕೆ ಯಾವ ಸಂಸದರೂ ಕೈಯೆತ್ತಿ ಮತ ಹಾಕಿದ್ದನ್ನು ಜನ ನೋಡಲಿಲ್ಲ. ನೋಡಲಾಗದ ಕಡಿತದಿಂದ ಹುಟ್ಟುವ ಸಿಟ್ಟಿಗೆ ಗುರಿ ಇರುವುದಿಲ್ಲ. ಅದು ಎಲ್ಲ ರಾಜಕಾರಣಿಗಳ ಮೇಲೂ ತಿರುಗುತ್ತದೆ.

ಜನ ಮರೆಯಲೂ ಇಲ್ಲ. 7 ಡಾಲರ್ ಶುಲ್ಕ ಘೋಷಿಸಿದಾಗ ಆರೋಗ್ಯ ಸಚಿವರಾಗಿದ್ದವರು ಪೀಟರ್ ಡಟನ್. ಹನ್ನೊಂದು ವರ್ಷಗಳ ಬಳಿಕ, 2025ರಲ್ಲಿ, ಅವರು ಪ್ರಧಾನಿ ಅಭ್ಯರ್ಥಿಯಾಗಿ ಕಣಕ್ಕಿಳಿದಾಗ ಲೇಬರ್ ಅದನ್ನೇ ಎದುರಿಗಿಟ್ಟಿತು. ಪ್ರಧಾನಿ ಆಂಥನಿ ಆಲ್ಬನೀಸಿ ಪ್ರಚಾರದುದ್ದಕ್ಕೂ ಮೆಡಿಕೇರ್ ಕಾರ್ಡನ್ನು ಜೇಬಿನಿಂದ ತೆಗೆದು ತೋರಿಸಿದರು. ಡಟನ್ ತಮ್ಮ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು.

“ಪಿಂಚಣಿಯಲ್ಲಿ ಬದಲಾವಣೆ ಇಲ್ಲ”

ನಮ್ಮಲ್ಲಿ ಪಿಂಚಣಿ ಎಂದೊಡನೆ ಸರ್ಕಾರಿ ನೌಕರಿ ನೆನಪಾಗುತ್ತದೆ. ಅಲ್ಲಿ ಹಾಗಲ್ಲ, ಆದಾಯ ಮತ್ತು ಆಸ್ತಿ ಒಂದು ಮಿತಿಯೊಳಗಿರುವ ಯಾವ ವೃದ್ಧರಿಗಾದರೂ ಅದು ಸಿಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೆರಡು ಬಾರಿ, ಅದು ಏರುತ್ತದೆ. ಬೆಲೆಗಳ ಜೊತೆಗೆ ದೇಶದ ಕೂಲಿ-ಸಂಬಳವೂ ಆ ಏರಿಕೆಯನ್ನು ನಿರ್ಧರಿಸುತ್ತದೆ. ದುಡಿಯುವವರ ಬದುಕು ಸುಧಾರಿಸಿದಾಗ ದುಡಿದು ಹಣ್ಣಾದವರ ಬದುಕೂ ಸುಧಾರಿಸಲಿ ಎಂಬುದು ಅದರ ಆಶಯ. ಸಂಬಳದ ಈ ನಂಟನ್ನು 2017ರಿಂದ ಕಡಿದು ಬರೀ ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕುವುದು ಹಾಕಿ ಅವರ ಪ್ರಸ್ತಾಪ. ಜೊತೆಗೆ ಪಿಂಚಣಿ ವಯಸ್ಸನ್ನು 2035ರ ವೇಳೆಗೆ 70ಕ್ಕೆ ಏರಿಸುವ ಯೋಜನೆ.

ಈ ಅವಧಿಯಲ್ಲಿ ಏನೂ ಬದಲಾಗುವುದಿಲ್ಲ, ಮುಂದಿನ ಚುನಾವಣೆಯ ನಂತರ ತಾನೇ, ಆದ್ದರಿಂದ ಭರವಸೆ ಮುರಿದಿಲ್ಲ ಎಂದು ಸರ್ಕಾರ ವಾದಿಸಿತು. ಕಾನೂನಿನ ಕಲಾಪದಲ್ಲಿ ಇಂಥ ವಾದ ನಿಲ್ಲಬಹುದೇನೋ. ಇಟ್ಟಿಗೆ ಹೊತ್ತು, ನೆಲ ಉಜ್ಜಿ ಬೆನ್ನು ಸವೆಸಿದ ಐವತ್ತರ ಕೆಲಸಗಾರನ ಎದುರು ನಿಲ್ಲಲಾರದು. ಜನರ ಆಯುಷ್ಯ ಹೆಚ್ಚುತ್ತಿದೆ, ಪಿಂಚಣಿ ವೆಚ್ಚದ ಬಗ್ಗೆ ಯಾವ ದೇಶವೂ ಮಾತಾಡಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. 2009ರಲ್ಲಿ ಲೇಬರ್ ವಯಸ್ಸನ್ನು 67ಕ್ಕೆ ಏರಿಸುವ ತೀರ್ಮಾನ ಮಾಡಿದಾಗ ದೇಶ ಅದನ್ನು ನುಂಗಿಕೊಂಡಿತು. 2014ರಲ್ಲಿ ಮಾತಾಡುವ ಹಕ್ಕನ್ನೇ ಸರ್ಕಾರ ಕಳೆದುಕೊಂಡಿತ್ತು. ಸೂಚ್ಯಂಕದ ಬದಲಾವಣೆ ಬಿದ್ದುಹೋಯಿತು, 70ರ ಯೋಜನೆಯನ್ನು 2018ರಲ್ಲಿ ಪ್ರಧಾನಿ ಸ್ಕಾಟ್ ಮಾರಿಸನ್ ಕೈಬಿಟ್ಟರು.

ಅದೇ ಬಜೆಟ್ಟಿನಲ್ಲಿ ಮೂವತ್ತರೊಳಗಿನ ನಿರುದ್ಯೋಗಿಗಳು ಭತ್ಯೆಗಾಗಿ ಆರು ತಿಂಗಳು ಕಾಯಬೇಕೆಂಬ ಪ್ರಸ್ತಾಪವಿತ್ತು. ಹಾಕಿ ತಮ್ಮ ಭಾಷಣದಲ್ಲಿ ದೇಶದ ಜನರನ್ನು ಭಾರ ಎತ್ತುವವರು, ಭಾರ ಹಾಕುವವರು ಎಂದು ಎರಡಾಗಿ ನೋಡಿದರು. ಯಾವ ಆದಾಯದ ಕುಟುಂಬಕ್ಕೆ ಬಜೆಟ್ಟಿನಿಂದ ಎಷ್ಟು ಲಾಭ, ಎಷ್ಟು ನಷ್ಟ ಎಂದು ತೋರಿಸುತ್ತಿದ್ದ ಕೋಷ್ಟಕ ಆ ವರ್ಷದ ಬಜೆಟ್ ಪುಸ್ತಕಗಳಲ್ಲಿ ಇರಲಿಲ್ಲ. ಹೊರಗಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಹೆಚ್ಚು ಪೆಟ್ಟು ಬಡ ಕುಟುಂಬಗಳಿಗೇ ಎಂದು ಕಂಡುಬಂತು.

“ಜಿಎಸ್‌ಟಿಯಲ್ಲಿ ಬದಲಾವಣೆ ಇಲ್ಲ”

ಐದರಲ್ಲಿ ಉಳಿದ ಮಾತು ಇದೊಂದೇ. 2000ದ ಜುಲೈ 1ರಂದು ಪ್ರಧಾನಿ ಜಾನ್ ಹೊವಾರ್ಡ್ ತಂದ ಜಿಎಸ್‌ಟಿ ಆಗಲೂ ಶೇ 10, ಈಗಲೂ ಶೇ 10. ಆದರೂ ಜನ ನಂಬಲಿಲ್ಲ. ಹೊವಾರ್ಡ್ ಕೂಡ 1995ರಲ್ಲಿ ಈ ತೆರಿಗೆಯನ್ನು ಎಂದೆಂದಿಗೂ ತರುವುದಿಲ್ಲ ಎಂದಿದ್ದವರೇ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಮನಸ್ಸು ಬದಲಾದ ಮೇಲೆ ಅದನ್ನು 1998ರ ಚುನಾವಣೆಯಲ್ಲಿ ಜನರ ಮುಂದಿಟ್ಟು, ಗೆದ್ದು ತಂದರು. ಅಬಾಟ್ ಆ ದಾರಿ ಹಿಡಿಯಲಿಲ್ಲ. ಜಿಎಸ್‌ಟಿ ಹಣ ಪೂರ್ತಿ ರಾಜ್ಯಗಳಿಗೇ ಹೋಗುವುದರಿಂದ, 80 ಬಿಲಿಯನ್ ಕಳೆದುಕೊಂಡ ರಾಜ್ಯಗಳೇ ತೆರಿಗೆ ಏರಿಸಿ ಎಂದು ಕೇಳಿಕೊಂಡು ಬರಲಿ ಎಂಬುದು ಒಳಲೆಕ್ಕ ಎಂದು ಹಲವರು ಓದಿದರು. 2015ರಲ್ಲಿ ನ್ಯೂ ಸೌತ್ ವೇಲ್ಸ್‌ನ ರಾಜ್ಯ ಸರ್ಕಾರದ ಮುಖ್ಯಸ್ಥ (ಪ್ರೀಮಿಯರ್) ಮೈಕ್ ಬೇರ್ಡ್, ಅಬಾಟ್ ಅವರದೇ ಪಕ್ಷದವರು, ಶೇ 15 ಆಗಲಿ ಎಂದು ಕೇಳಿಯೂ ಕೇಳಿದರು.

“ಎಬಿಸಿಗಾಗಲಿ ಎಸ್‌ಬಿಎಸ್‌ಗಾಗಲಿ ಕಡಿತ ಇಲ್ಲ”

ಎಬಿಸಿ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ. ಎಸ್‌ಬಿಎಸ್ ವಲಸಿಗರಿಗೆ ಅವರವರ ಭಾಷೆಯಲ್ಲಿ ಸುದ್ದಿ ಮುಟ್ಟಿಸುವ ಸಂಸ್ಥೆ. 2014ರ ನವೆಂಬರ್‌ನಲ್ಲಿ ಎಬಿಸಿಗೆ ಐದು ವರ್ಷಗಳಲ್ಲಿ 254 ಮಿಲಿಯನ್ ಡಾಲರ್ ಕಡಿತ ಘೋಷಣೆಯಾಯಿತು. ಎಸ್‌ಬಿಎಸ್‌ಗೂ ಪಾಲು ಬಂತು. ಎಬಿಸಿಯಲ್ಲಿ ನಾನೂರಕ್ಕೂ ಹೆಚ್ಚು ಕೆಲಸಗಳು ಹೋದವು. ಇದು ಕಡಿತವಲ್ಲ, ದಕ್ಷತೆಯ ಲಾಭ ಎಂದು ಮೊದಲು ಸಮಜಾಯಿಷಿ ಬಂತು. ಡಿಸೆಂಬರ್‌ನಲ್ಲಿ ಅಬಾಟ್, ಚುನಾವಣೆಗೆ ಮುಂಚೆ ಹೇಳಿದ್ದಕ್ಕೂ ಈಗ ಎಬಿಸಿ ವಿಷಯದಲ್ಲಿ ಮಾಡುತ್ತಿರುವುದಕ್ಕೂ ಹೊಂದಿಕೆಯಿಲ್ಲ ಎಂದು ಒಪ್ಪಿಕೊಂಡರು. ಹೊತ್ತು ಮೀರಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅವರದೇ ಪಕ್ಷದ ಸಂಸದರು ಅವರನ್ನು ಇಳಿಸಿ ಮಾಲ್ಕಮ್ ಟರ್ನ್‌ಬುಲ್ ಅವರನ್ನು ಕೂರಿಸಿದರು. 2018ರಲ್ಲಿ ಟರ್ನ್‌ಬುಲ್ ಅವರಿಗೂ ಅದೇ ಗತಿಯಾಯಿತು.

ನಂಬಿಕೆಗೆ ಬಿದ್ದ ಪೆಟ್ಟು ಅಂಕಿಗಳಲ್ಲೂ ಕಾಣುತ್ತದೆ. 2019ರ ಚುನಾವಣೆಯ ನಂತರ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ನಡೆಸಿದ ಅಧ್ಯಯನದಲ್ಲಿ, ಸರ್ಕಾರ ನಡೆಸುವವರನ್ನು ನಂಬಬಹುದು ಎಂದವರು ನಾಲ್ವರಲ್ಲಿ ಒಬ್ಬರು ಮಾತ್ರ. ಅಲ್ಲಿ ಮತದಾನ ಕಡ್ಡಾಯ. ಬೇಸತ್ತವರು ಮನೆಯಲ್ಲಿ ಕೂರುವಂತಿಲ್ಲ, ಕೂತರೆ ದಂಡ. ಹಾಗಾಗಿ ಅವರ ಬೇಸರ ಮತಪತ್ರದ ಮೇಲೆಯೇ ಕಾಣುತ್ತದೆ. 2025ರ ಮೇ ತಿಂಗಳಲ್ಲಿ ಲೇಬರ್ 150ರಲ್ಲಿ 94 ಸ್ಥಾನ ಗೆದ್ದಾಗ ಪತ್ರಿಕೆಗಳು ಭಾರೀ ಅಲೆ ಎಂದು ಬರೆದವು. ಅಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಆದ್ಯತೆ ಬರೆಯುತ್ತಾರೆ. ಆ ಪಕ್ಷದ ಹೆಸರಿನ ಮುಂದೆ 1 ಎಂದು ಬರೆದವರು ಶೇ 35ರಷ್ಟೂ ಇರಲಿಲ್ಲ. ಅಬಾಟ್, ಡಟನ್ ಅವರ ಲಿಬರಲ್–ನ್ಯಾಷನಲ್ ಕೂಟಕ್ಕೆ ಅದಕ್ಕಿಂತಲೂ ಕಡಿಮೆ. ಉಳಿದ ಮೂರನೇ ಒಂದು ಭಾಗ ಮತದಾರರು ತಮ್ಮ ಮೊದಲ ಮತವನ್ನು ಈ ಇಬ್ಬರಿಗೂ ಕೊಡದೆ ಗ್ರೀನ್ಸ್‌ಗೆ, ಸಣ್ಣ ಪಕ್ಷಗಳಿಗೆ, ಪಕ್ಷೇತರರಿಗೆ ಕೊಟ್ಟರು. ಅವರಲ್ಲಿ ಬಹಳ ಜನರ ಎರಡನೆಯ, ಮೂರನೆಯ ಆಯ್ಕೆಗಳು ಎಣಿಕೆಯಲ್ಲಿ ಸೇರಿಕೊಂಡೇ ಆ 94 ಆಯಿತು.