ಆಟದ ಯಂತ್ರವನ್ನು ಗೆಲ್ಲಿಸುವುದು ಯಾವುದು?

ಟಿ.ವಿ.ಗೆ ಜೋಡಿಸಿ ವಿಡಿಯೊ ಆಟ ಆಡುವ ಎರಡು ಯಂತ್ರಗಳ ವಿವರಪಟ್ಟಿ ನಿಮ್ಮ ಮುಂದಿದೆ ಎಂದು ಭಾವಿಸಿ. ಒಂದರ ಸಂಸ್ಕಾರಕ 32 ಬಿಟ್‌ನದು, ಆವೃತ್ತಿ ಸುಮಾರು 34 ಮೆಗಾಹರ್ಟ್ಸ್, ಮುಖ್ಯ ಸ್ಮೃತಿ 2 ಮೆಗಾಬೈಟ್. ಇನ್ನೊಂದರದು 64 ಬಿಟ್, ಸುಮಾರು 94 ಮೆಗಾಹರ್ಟ್ಸ್, 4 ಮೆಗಾಬೈಟ್. ಇವುಗಳಲ್ಲಿ ಯಾವುದು ಹೆಚ್ಚು ಮಾರಾಟವಾಗಿರಬೇಕು?

ಎರಡನೆಯದು ಎಂದಿರಾದರೆ ನಿಮ್ಮ ಊಹೆ ತಪ್ಪು. ಮೊದಲನೆಯದು ಸೋನಿ ಕಂಪನಿಯ ಪ್ಲೇಸ್ಟೇಷನ್. ಇದು ಜಪಾನಿನಲ್ಲಿ 1994ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಎರಡನೆಯದು 1996ರ ಜೂನ್‌ನಲ್ಲಿ ಬಂದ ನಿಂಟೆಂಡೊ 64. ಅದರ ಹೆಸರಿನಲ್ಲೇ ಬಿಟ್‌ಗಳ ಹೆಮ್ಮೆ ಇತ್ತು. ಕೊನೆಗೆ ಪ್ಲೇಸ್ಟೇಷನ್ ಮಾರಾಟ 10.2 ಕೋಟಿ ದಾಟಿತು; ನಿಂಟೆಂಡೊ 64 ಸುಮಾರು 3.3 ಕೋಟಿಗೆ ನಿಂತಿತು.

ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳ. ಜನ ಕೊಳ್ಳುವುದು ಯಂತ್ರವನ್ನಲ್ಲ, ಅದರಲ್ಲಿ ಆಡಬಹುದಾದ ಆಟಗಳನ್ನು. ಪ್ಲೇಸ್ಟೇಷನ್‌ಗೆ ಸಾವಿರಕ್ಕೂ ಹೆಚ್ಚು ಆಟಗಳು ಬಂದವು. ನಿಂಟೆಂಡೊ 64ಕ್ಕೆ ಬಂದದ್ದು 400ಕ್ಕೂ ಕಡಿಮೆ. ಆದ್ದರಿಂದ ಆಟಗಳ ಭಂಡಾರವೇ ಗೆಲ್ಲಿಸಿತು ಎಂಬುದು ವಾದ.

ವಾದವೇನೋ ಆಕರ್ಷಕ. ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಟಗಳು ಹೆಚ್ಚಿದ್ದರಿಂದ ಯಂತ್ರ ಗೆದ್ದಿತೋ, ಯಂತ್ರ ಗೆಲ್ಲುತ್ತಿದ್ದುದರಿಂದ ಆಟಗಳು ಹೆಚ್ಚಿದವೋ? ಹೆಚ್ಚು ಯಂತ್ರಗಳು ಮನೆ ಸೇರಿದರೆ ಆಟ ತಯಾರಿಸುವವರು ಅತ್ತ ವಾಲುತ್ತಾರೆ. ಹೆಚ್ಚು ಆಟಗಳು ಬಂದರೆ ಯಂತ್ರ ಇನ್ನಷ್ಟು ಮಾರಾಟವಾಗುತ್ತದೆ. ಮೈಕನ್ನು ಧ್ವನಿವರ್ಧಕದ ಎದುರು ಹಿಡಿದಾಗ ಸಣ್ಣ ಸದ್ದೂ ಕಿವಿಗಡಚಿಕ್ಕುವ ಕೀರಲಾಗುವುದಿಲ್ಲವೆ? ಇದೂ ಅಂಥದೇ ಧನಾತ್ಮಕ ಫೀಡ್‌ಬ್ಯಾಕ್. ಚಕ್ರ ತಿರುಗತೊಡಗಿದ ಮೇಲೆ ಕೊನೆಯ ಅಂಕಿಗಳನ್ನು ನೋಡಿ ಕಾರಣ ಹೇಳಲಾಗದು. ಮೊದಲ ಸಣ್ಣ ಸದ್ದು ಎಲ್ಲಿಂದ ಬಂತು ಎಂದು ಹುಡುಕಬೇಕು.

ಆ ಸದ್ದು ಬಂದದ್ದು ಆಟವನ್ನು ತುಂಬಿಡುವ ಮಾಧ್ಯಮದಿಂದ. ಪ್ಲೇಸ್ಟೇಷನ್ ಸಿಡಿ ಬಳಸಿತು. ಅದರ ಧಾರಣಶಕ್ತಿ ಸುಮಾರು 650 ಮೆಗಾಬೈಟ್. ನಿಂಟೆಂಡೊ 64 ಬಳಸಿದ್ದು ರಾಮ್ ಅಲ್ಲ, ರೋಮ್ ಚಿಪ್ಪುಗಳಿರುವ ಕಾರ್ಟ್ರಿಜ್ ಎಂಬ ಪೆಟ್ಟಿಗೆಯನ್ನು. ಅದರ ಜೊತೆಗೇ ಬಂದ ಸೂಪರ್ ಮಾರಿಯೊ 64 ಆಟದ ಗಾತ್ರ 8 ಮೆಗಾಬೈಟ್. ಕೊನೆಕೊನೆಗೆ ಬಂದ ಅತಿ ದೊಡ್ಡ ಕಾರ್ಟ್ರಿಜ್ 64 ಮೆಗಾಬೈಟ್.

ಕಾರ್ಟ್ರಿಜ್ ಆಯ್ಕೆ ಮೂರ್ಖತನವೇನೂ ಆಗಿರಲಿಲ್ಲ. ನೀವೇ ಲೆಕ್ಕ ಹಾಕಿ: ಪ್ಲೇಸ್ಟೇಷನ್ ಸಿಡಿಯಿಂದ ಸೆಕೆಂಡಿಗೆ ಸುಮಾರು 300 ಕಿಲೊಬೈಟ್ ಓದುತ್ತಿತ್ತು. 2 ಮೆಗಾಬೈಟ್ ಸ್ಮೃತಿ ತುಂಬಲು ಏಳು ಸೆಕೆಂಡು ಬೇಕು. ಆಟಗಾರ ಅಷ್ಟು ಹೊತ್ತು ಖಾಲಿ ಪರದೆ ನೋಡುತ್ತ ಕೂರಬೇಕು. ಕಾರ್ಟ್ರಿಜ್‌ನಲ್ಲಿ ಈ ಕಾಯುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಆಟಗಾರನ ದೃಷ್ಟಿಯಿಂದ ಇದು ನಿಜವಾದ ಅನುಕೂಲ.

ಆದರೆ ಆಟ ತಯಾರಿಸುವವನ ದೃಷ್ಟಿ ಬೇರೆ. ಸಿಡಿ ಎಂದರೆ ಅಚ್ಚಿನಲ್ಲಿ ಒತ್ತಿ ತೆಗೆದ ಪ್ಲಾಸ್ಟಿಕ್ ತಟ್ಟೆ. ಅಗ್ಗ, ಬೇಡಿಕೆ ಬಂದಂತೆ ಬೇಗ ಒತ್ತಿಸಬಹುದು. ಕಾರ್ಟ್ರಿಜ್‌ಗಾದರೋ ಚಿಪ್ಪುಗಳ ಬೆಲೆ ತೆರಬೇಕು, ವಾರಗಟ್ಟಲೆ ಮುಂಚೆ ಇಷ್ಟೆಂದು ಹೇಳಿ ಮಾಡಿಸಬೇಕು. ಆಟ ಮಾರಾಟವಾಗದಿದ್ದರೆ ಹೂಡಿದ ಹಣ ಮುಳುಗಿತು. ಹೊಸಬನೊಬ್ಬ ವಿಚಿತ್ರವಾದ ಆಟವೊಂದನ್ನು ಪರೀಕ್ಷಿಸಿ ನೋಡಲು ಧೈರ್ಯ ಮಾಡುವುದು ಯಾವುದರಲ್ಲಿ?

ಜಪಾನಿನ ಸ್ಕ್ವೇರ್ ಕಂಪನಿ 1987ರಿಂದ ತನ್ನ ಫೈನಲ್ ಫ್ಯಾಂಟಸಿ ಸರಣಿಯನ್ನು ನಿಂಟೆಂಡೊ ಯಂತ್ರಗಳಿಗಾಗಿಯೇ ತಯಾರಿಸುತ್ತಿತ್ತು. 1996ರ ಆರಂಭದಲ್ಲಿ, ಅಂದರೆ ನಿಂಟೆಂಡೊ 64 ಅಂಗಡಿಗೆ ಬರುವ ಮೊದಲೇ, ಏಳನೆಯ ಆಟ ಪ್ಲೇಸ್ಟೇಷನ್‌ಗೆ ಎಂದು ಸಾರಿತು. 1997ರ ಜನವರಿಯಲ್ಲಿ ಬಂದ ಆ ಆಟ ಮೂರು ಸಿಡಿಗಳನ್ನು ಆಕ್ರಮಿಸಿತ್ತು. ಕಾಲಕ್ರಮವನ್ನು ಗಮನಿಸಿ. ನಿಂಟೆಂಡೊ 64ರ ಸೋಲು ನೋಡಿ ಸ್ಕ್ವೇರ್ ಹೊರಟದ್ದಲ್ಲ. ಅದು ಹೊರಟದ್ದು ಮೊದಲು, ಸೋಲು ಆಮೇಲೆ.

ಹಾಗಾದರೆ ಸಿಡಿ ಇದ್ದರೆ ಸಾಕೆ? ಇದಕ್ಕೆ ಅದೇ ಕಾಲದ ಇನ್ನೊಂದು ಯಂತ್ರ ಉತ್ತರ ಕೊಡುತ್ತದೆ. ಸೆಗಾ ಕಂಪನಿಯ ಸ್ಯಾಟರ್ನ್ ಪ್ಲೇಸ್ಟೇಷನ್‌ಗಿಂತ ಕೆಲವೇ ದಿನ ಮೊದಲು, 1994ರ ನವೆಂಬರ್‌ನಲ್ಲಿ ಬಂತು. ಅದರಲ್ಲೂ ಸಿಡಿ ಇತ್ತು. ಆದರೂ ಮಾರಾಟ ಒಂದು ಕೋಟಿ ಮುಟ್ಟಲಿಲ್ಲ. ಅಮೆರಿಕದಲ್ಲಿ 1995ರಲ್ಲಿ ಅದರ ಬೆಲೆ 399 ಡಾಲರ್, ಪ್ಲೇಸ್ಟೇಷನ್‌ನದು 299. ಇದರ ಜೊತೆಗೆ ಸ್ಯಾಟರ್ನ್‌ನ ಎರಡು ಮುಖ್ಯ ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ಪ್ರೋಗ್ರಾಂ ಬರೆಯುವುದು ಕಷ್ಟವಾಗಿತ್ತು. ಅಂದರೆ ಸಿಡಿ ನೆರವಾಯಿತು, ಆದರೆ ಅದೊಂದೇ ಸಾಲದು.

ಅಲ್ಲದೆ, ಭಂಡಾರದ ಬಲವೆಂದರೆ ಎಣಿಕೆಯಷ್ಟೇ ಅಲ್ಲ. ಸೂಪರ್ ಮಾರಿಯೊ 64 ಮತ್ತು 1998ರ ಜೆಲ್ಡಾ ಆಟಗಳನ್ನು ಇಂದಿಗೂ ಮೇಲ್ಪಂಕ್ತಿಯಾಗಿ ನೆನೆಯುತ್ತಾರೆ. ಕೆಲವೇ ಶ್ರೇಷ್ಠ ಆಟಗಳು ಒಂದು ಯಂತ್ರದ ಮಾನ ಉಳಿಸಬಲ್ಲವು. ಬಗೆಬಗೆಯ ಅಭಿರುಚಿಯವರನ್ನು ಸೆಳೆಯಲು ಮಾತ್ರ ಬಗೆಬಗೆಯ ಆಟಗಳೇ ಬೇಕು.

ಆದ್ದರಿಂದ 'ಯಂತ್ರ ಮುಖ್ಯವಲ್ಲ, ಆಟ ಮುಖ್ಯ' ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಭಂಡಾರವು ಆಕಾಶದಿಂದ ಇಳಿಯುವುದಿಲ್ಲ. ಅದನ್ನು ಕಟ್ಟುವವರಿಗೆ ಯಂತ್ರ ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದರ ಮೇಲೆ ಬೆಳೆಯುತ್ತದೆ. ವಿವರಪಟ್ಟಿಯ ಅಂಕಿಗಳು ಸುಳ್ಳಾಗಿರಲಿಲ್ಲ. ನಾವು ಓದಿದ ಸಾಲು ಬೇರೆ, ಓದಬೇಕಾಗಿದ್ದ ಸಾಲು ಬೇರೆ.

ಶಿಕ್ಷಕರೇ, ಇದು ಆಟದ ಮಾತಷ್ಟೇ ಅಲ್ಲ. ಪ್ರಯೋಗಶಾಲೆಯ ಬೀರುಗಳಲ್ಲಿ ದೂಳು ಹಿಡಿದು ಕುಳಿತ ಬೆಲೆಬಾಳುವ ಉಪಕರಣಗಳನ್ನು ನಾನು ಕಂಡಿದ್ದೇನೆ. ಕೊಳ್ಳುವಾಗ ಅವುಗಳ ಸಾಮರ್ಥ್ಯದ ಅಂಕಿಗಳನ್ನು ಹೋಲಿಸಿ ನೋಡಿದ್ದರು. ಅದರಿಂದ ಮಾಡಬಹುದಾದ ಪ್ರಯೋಗಗಳಾವುವು, ಹೊಸ ಪ್ರಯೋಗ ರೂಪಿಸುವುದು ನಮಗೆ ಸುಲಭವೇ ಎಂದು ಯಾರೂ ಕೇಳಿರಲಿಲ್ಲ. ಮುಂದಿನ ಸಲ ಶಾಲೆಗೆ ಯಂತ್ರವೊಂದನ್ನು ಆರಿಸುವಾಗ ಈ ಎರಡು ಪ್ರಶ್ನೆಗಳನ್ನು ಮೊದಲು ಕೇಳಿ. ಮೆಗಾಹರ್ಟ್ಸ್ ಆಮೇಲೆ ನೋಡೋಣ.