ಬೇವಿನ ಹೂ, ಕಳ್ಳಿಯ ಮುಳ್ಳು

ಯುಗಾದಿಯ ಆಸುಪಾಸಿನಲ್ಲಿ ಬೇವಿನ ಮರ ಎರಡು ಸಲ ಉದುರುತ್ತದೆ. ಮೊದಲು ಹಳದಿಗೆ ತಿರುಗಿದ ಎಲೆ. ಚಿಗುರು ಬಂದು ಒಂದಿಷ್ಟು ದಿನವಾದ ಮೇಲೆ ಹೂ. ಮೈಸೂರಿನ ನಮ್ಮ ಅಂಗಳದಲ್ಲಿ ಆ ಮರದ ಬುಡಕ್ಕೆ ದಾಸವಾಳ, ಕನಕಾಂಬರ ಇವೆ. ಅಲ್ಲಿ ಕಡ್ಡಿಪೊರಕೆ ಆಡಿಸಿದರೆ ಕೆಲಸ ಆಯಿತು. ಆಚೆ, ಬಿಸಿಲು ಬೀಳುವ ಕಡೆ ಸಾಲಾಗಿ ಇಟ್ಟಿರುವ ಕಳ್ಳಿ ಕುಂಡಗಳ ವಿಚಾರ ಬೇರೆ. ಬೇವಿನೆಲೆಯ ಅಂಚೆಲ್ಲ ಹಲ್ಲು ಹಲ್ಲು. ಮುಳ್ಳಿನ ಸಂದಿಗೆ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ ಅದೇ ಹಲ್ಲುಗಳು ಮುಳ್ಳಿಗೆ ಕಚ್ಚಿಕೊಂಡು ಈಚೆ ಬರಲು ಒಪ್ಪುವುದಿಲ್ಲ. ಬೀದಿಯ ಗುಲ್‌ಮೊಹರ್ ತನ್ನ ಪಾಲನ್ನೂ ಕಳಿಸುತ್ತದೆ: ಉಗುರಿಗಿಂತ ಸಣ್ಣ ಎಲೆಚೂರುಗಳು, ಗಾಳಿ ಬಂದಾಗಲೆಲ್ಲ ಒಂದಿಷ್ಟು.

ತಲೆನೋವಿನ ಕೆಲಸ ಎನ್ನುವವರೇ ಹೆಚ್ಚು. ನನಗೆ ತೋಟದ ಕೆಲಸಗಳಲ್ಲೆಲ್ಲ ಇದರಷ್ಟು ರುಚಿಯಾದದ್ದು ಇನ್ನೊಂದಿಲ್ಲ. ನೀರು ಹಾಕುವಾಗ, ಕಳೆ ಕೀಳುವಾಗ ಮನಸ್ಸು ಎಲ್ಲೋ ಇದ್ದರೂ ಕೈ ತನ್ನ ಪಾಡಿಗೆ ನಡೆಯುತ್ತದೆ. ಮುಳ್ಳಿನ ಮುಂದೆ ಅದು ಆಗದು. ಕಣ್ಣು ಎಲ್ಲಿಗೆ ಹೋಗಿ ನೋಡಿಬಂದಿದೆಯೋ ಅಲ್ಲಿಗಷ್ಟೇ ಕೈ ಹೋಗಬೇಕು. ಹೀಗೆ ನೋಡನೋಡುತ್ತ, ವರ್ಷಗಟ್ಟಲೆ ಕಣ್ಣೆದುರೇ ಇದ್ದ ಗಿಡ ಮೊದಲ ಸಲ ಕಂಡಂತಾಗುತ್ತದೆ.

ಬೇಕಾದ ಸಾಮಾನು ಸ್ವಲ್ಪ. ತುದಿ ಬಾಗಿದ, ಗೇಣುದ್ದದ ಸ್ಟೀಲ್ ಚಿಮಟ; ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಚಿತ್ರ ಬಿಡಿಸುವ ಒಂದು ಬ್ರಶ್. ಜೊತೆಗೆ ಅಜ್ಜಿಯ ಕಾಲದ ಊದುಕೊಳವೆ. ಗ್ಯಾಸ್ ಒಲೆ ಬಂದ ಮೇಲೆ ಮೂಲೆ ಸೇರಿದ್ದ ಆ ಕಬ್ಬಿಣದ ಕೊಳವೆಯಷ್ಟು ಚೆನ್ನಾಗಿ ಇನ್ನಾವುದೂ ಉಸಿರನ್ನು ಬೇಕಾದ ಜಾಗಕ್ಕೆ, ಬೇಕಾದಷ್ಟೇ ಕಳಿಸುವುದಿಲ್ಲ. ಗುಲ್‌ಮೊಹರ್ ಚೂರುಗಳಿಗೆ ಅದೇ ಸಾಕು.

ಬೇವಿನೆಲೆಗೆ ಬೇರೆ ಉಪಾಯ ಬೇಕು. ಒಣಗಿ ಗರಿಗರಿಯಾದ ಎಲೆಯನ್ನು ಹಿಡಿದರೆ ಪುಡಿಯಾಗಿ ಒಂದಕ್ಕೆ ಹತ್ತಾಗುತ್ತದೆ. ಹಿಂದಿನ ಸಂಜೆ ಎಲೆಯ ಮೇಲಷ್ಟೇ ಒಂದಿಷ್ಟು ತುಂತುರು ಹೊಡೆದಿಟ್ಟರೆ ಬೆಳಿಗ್ಗೆ ಮೆತ್ತಗಿರುತ್ತದೆ. ನರ್ಸರಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಹೇಳಿಕೊಟ್ಟದ್ದು ಇಷ್ಟು: "ಎಳೀಬೇಡಿ ಅಕ್ಕಾ. ಯಾವ ಕಡೆಯಿಂದ ಹೋಗಿದೆ ನೋಡ್ಕೊಳ್ಳಿ, ಅದೇ ದಾರೀಲಿ ಕರ್ಕೊಂಡ್ ಬನ್ನಿ." ಎಲೆಯ ನಡುನರವನ್ನು ಚಿಮಟದಲ್ಲಿ ಹಿಡಿದು ಉದ್ದಕ್ಕೆ ಮಡಿಸಿದರೆ ಅಂಚಿನ ಹಲ್ಲುಗಳೆಲ್ಲ ಒಳಕ್ಕೆ ಸೇರುತ್ತವೆ. ಆಮೇಲೆ ಒಂದು ಮುಳ್ಳೂ ಅಲುಗದಂತೆ ಅದು ಈಚೆ ಬರುತ್ತದಲ್ಲ, ಆ ಸುಖವನ್ನು ಮಾಡಿಯೇ ತಿಳಿಯಬೇಕು.

ನಾನು ಹೆಚ್ಚು ಹೊತ್ತು ಕೂರುವುದು ಗೋಲ್ಡನ್ ಬ್ಯಾರೆಲ್ ಮುಂದೆ. ದುಂಡಗಿನ ಹಸಿರು ಮೈ, ಮೇಲಿಂದ ಕೆಳಕ್ಕೆ ಏಣುಗಳು, ಏಣಿನುದ್ದಕ್ಕೂ ತುಪ್ಪುಳದ ಸಣ್ಣ ಸಣ್ಣ ಗದ್ದುಗೆ, ಒಂದೊಂದು ಗದ್ದುಗೆಯಿಂದ ಒಂದು ಕಟ್ಟು ಮುಳ್ಳು. ಮುಳ್ಳು ಹುಟ್ಟುವ ಈ ಗದ್ದುಗೆಯೇ ಕಳ್ಳಿ ಕುಲದ ಗುರುತು. ಮುರಿದರೆ ಹಾಲು ಸುರಿಯುವ ನಮ್ಮ ಬೇಲಿಕಳ್ಳಿಗೆ ಇದಿಲ್ಲ, ಅದರ ಕುಲವೇ ಬೇರೆ. ನೆತ್ತಿಯಲ್ಲಿ ಈಗಷ್ಟೇ ಹೊರಟ ಮುಳ್ಳು ಹೊಂಬಣ್ಣ. ಬದಿಗೆ ಬರುತ್ತ ಬರುತ್ತ ಬಣ್ಣ ಇಳಿಯುತ್ತದೆ, ಬುಡದಲ್ಲಿ ಬೂದು. ಗಿಡದ ವಯಸ್ಸನ್ನು ಮೇಲಿಂದ ಕೆಳಕ್ಕೆ ಓದಬಹುದು. ಮಾಸಿದ ಮುಳ್ಳಿನ ಮೇಲೆ ಒಂದು ಹನಿ ನೀರು ಬಿದ್ದರೆ ಹಳೆಯ ಬಣ್ಣ ಒಂದು ಗಳಿಗೆ ಎದ್ದು ಬಂದು, ಒಣಗುತ್ತಲೇ ಮತ್ತೆ ಅಡಗುತ್ತದೆ.

ಈ ಮುಳ್ಳುಗಳೆಲ್ಲ ಮೂಲದಲ್ಲಿ ಎಲೆಗಳೇ. ನೀರು ಆವಿಯಾಗಿ ಹೋಗದಿರಲೆಂದು ಕಳ್ಳಿ ಎಲೆಯನ್ನು ಬಿಟ್ಟುಕೊಟ್ಟು, ಅಡುಗೆಯ ಕೆಲಸವನ್ನು ಕಾಂಡಕ್ಕೆ ವಹಿಸಿತು. ಹಗಲು ರಂಧ್ರಗಳನ್ನು ಮುಚ್ಚಿಕೊಂಡಿದ್ದು ರಾತ್ರಿ ತೆರೆಯುವುದನ್ನು ಕಲಿತಿತು. ಮುಳ್ಳುಗಳ ದಟ್ಟಣೆ ಮೈಗೆ ನೆರಳೂ ಹೌದು. ಮೆಕ್ಸಿಕೋದ ಕಡಿದಾದ ಬೆಟ್ಟಗಳು ಗೋಲ್ಡನ್ ಬ್ಯಾರೆಲಿನ ತವರು. ಅಲ್ಲಿ 1990ರ ದಶಕದಲ್ಲಿ ಕಟ್ಟಿದ ಸಿಮಾಪಾನ್ ಅಣೆಕಟ್ಟಿನ ನೀರಿನಲ್ಲಿ ಅದರ ನೆಲೆಯ ದೊಡ್ಡ ಭಾಗ ಮುಳುಗಿತು. ಲೋಕದ ನರ್ಸರಿಗಳಲ್ಲೆಲ್ಲ ಸಾಲುಗಟ್ಟಿ ನಿಂತಿರುವ ಗಿಡ ಸ್ವಂತ ಊರಿನಲ್ಲಿ ಅಳಿವಿನ ಅಂಚಿನಲ್ಲಿದೆ. ನೆತ್ತಿಯ ತುಪ್ಪುಳದಿಂದ ಬೇವಿನ ಹೂವೊಂದನ್ನು ಎತ್ತುವಾಗ ಇದು ನೆನಪಾಗಿ ಕೈ ಇನ್ನಷ್ಟು ಹಗುರವಾಗುತ್ತದೆ.

ಆ ನೆತ್ತಿಯೇ ಎಚ್ಚರಿಕೆಯ ಜಾಗ. ಈ ಗಿಡ ಬೆಳೆಯುವ ತುದಿ ಅಲ್ಲಿದೆ, ಇರುವುದೂ ಅದೊಂದೇ. ಮುಂಗಾರಿಗೆ ಮುಂಚೆ ಕಸ ತೆಗೆಯದಿದ್ದರೆ ಎಲೆ ನೀರು ಹಿಡಿದು ಕೊಳೆಯುತ್ತದೆ, ಕೊಳೆ ಒಳಕ್ಕೆ ಇಳಿಯುತ್ತದೆ. ಎಲೆಯ ಮರೆಯಲ್ಲಿ ಹಿಟ್ಟುತಿಗಣೆ ಸಂಸಾರ ಹೂಡುವುದೂ ಉಂಟು. ಆದರೂ ಬ್ರಶ್ಶಿನಿಂದ ತುಪ್ಪುಳವನ್ನು ಉಜ್ಜಬಾರದು, ಒದ್ದೆ ಮಾಡಲೂಬಾರದು. ಒಮ್ಮೆ ಅಂಟಿಕೊಂಡ ತುಪ್ಪುಳ ಮತ್ತೆ ಮೊದಲಿನಂತೆ ಅರಳುವುದಿಲ್ಲ. ಅಲ್ಲಿ ಊದುಕೊಳವೆಯೇ ಸರಿ. ಬೇವಿನ ಹೂ ಬಿಳಿ, ಐದೇ ಎಸಳು. ಎರಡು ಉಸಿರಿಗೆ ಎದ್ದು ಬರುತ್ತದೆ.

ಮ್ಯಾಮಿಲೇರಿಯಾ ಗಿಡಗಳದು ಇನ್ನೊಂದು ಚೆಲುವು. ಅವಕ್ಕೆ ಏಣಿಲ್ಲ, ಮೊಲೆತೊಟ್ಟಿನ ಆಕಾರದ ಉಬ್ಬುಗಳು. ಮೇಲಿಂದ ನೋಡಿದರೆ ಎರಡು ದಿಕ್ಕಿಗೂ ಸುತ್ತುವ ಸುರುಳಿ. ಎಣಿಸಿದರೆ ಒಂದು ಕಡೆ 13, ಇನ್ನೊಂದು ಕಡೆ 21. ಚಿಕ್ಕ ಗಿಡವಾದರೆ 8 ಮತ್ತು 13. ಸಿಕ್ಕಿಬಿದ್ದ ಕಸವೂ ಈ ಸುರುಳಿಯ ಸಾಲಿನಲ್ಲೇ ಕೂತಿರುತ್ತದೆ, ಹಾಗಾಗಿ ಬ್ರಶ್ ಅದೇ ಜಾಡಿನಲ್ಲಿ ಓಡಬೇಕು. ನೆತ್ತಿಯ ಸುತ್ತ ಒಣಗಿ ನಿಂತ ಹೂವಿನ ಬಳೆಯನ್ನು ಕಸವೆಂದು ಕೀಳುವ ಅವಸರ ಬೇಡ. ಕಾಯಿ ಮೈಯೊಳಗೆ ಅಡಗಿದ್ದು, ತಿಂಗಳುಗಳಾದ ಮೇಲೆ ಒಂದು ದಿನ ಪುಟ್ಟ ಜೀರಿಗೆ ಮೆಣಸಿನಕಾಯಿಯ ಹಾಗೆ ಕೆಂಪಗೆ ಹೊರಗೆ ತಲೆ ಹಾಕುತ್ತದೆ.

ಕೊಳೆಯ ಹಾಗೆ ಕಂಡರೂ ಕೊಳೆಯಲ್ಲದ್ದು ಕಳ್ಳಿಯಲ್ಲಿ ಬಹಳ. ಆಸ್ಟ್ರೋಫೈಟಮ್ಮಿನ ಮೈತುಂಬ ಬಿಳಿ ಚುಕ್ಕೆ. ಹೊಸಬರು ಧೂಳೆಂದುಕೊಂಡು ಒರೆಸಲು ಹೋಗುತ್ತಾರೆ. ಅವು ಗಿಡದ್ದೇ ಕೂದಲಿನ ಕುಚ್ಚುಗಳು. ನೀಲಿ ಕಂಬಗಳ್ಳಿಯ ಮೇಲಿನ ಬೂದಿ ಮೇಣದ ಪೊರೆ, ಬೆರಳಿಟ್ಟರೆ ಗುರುತು ಉಳಿದುಬಿಡುತ್ತದೆ. ಹಳೆಯ ಗಿಡದ ಬುಡ ಕಂದಾಗಿ ತೊಗಟೆಗಟ್ಟುವುದು ವಯಸ್ಸಿನ ಸಹಜ ಲಕ್ಷಣ. ಇವನ್ನು ಗುರುತಿಸಿ ಹಾಗೇ ಬಿಡುವುದಕ್ಕೂ ಕಸ ತೆಗೆಯುವಷ್ಟೇ ಕಣ್ಣು ಬೇಕು.

ಪಾಪಾಸುಕಳ್ಳಿಯ ಹತ್ತಿರ ಮಾತ್ರ ನಾನು ಚಿಮಟವನ್ನೂ ದೂರದಿಂದಲೇ ಹಿಡಿಯುತ್ತೇನೆ. ಉದ್ದ ಮುಳ್ಳಿನ ಭಯವಿಲ್ಲ, ಅದು ಕಾಣುತ್ತದೆ. ಅದರ ಬುಡದಲ್ಲಿ ಕೂದಲಿಗಿಂತ ತೆಳ್ಳಗಿನ, ಹಿಂಗೊಕ್ಕೆಗಳಿರುವ ಸಣ್ಣ ಮುಳ್ಳುಗಳ ಗುಂಪಿದೆ. ಸೋಕಿದರೆ ಸಾಕು, ನೂರಾರು ಬೆರಳಿಗಿಳಿಯುತ್ತವೆ. ಇಳಿದರೆ ಅಂಟುಪಟ್ಟಿ ಒತ್ತಿ ಎಳೆಯುವುದು ಒಂದು ದಾರಿ.

ಅದರ ಹಲಗೆಗಳ ಮೇಲೆ ಕೆಲವೊಮ್ಮೆ ಬಿಳಿ ಹತ್ತಿಯಂಥ ಉಂಡೆ ಕೂತಿರುತ್ತದೆ. ಕಡ್ಡಿಯಿಂದ ಒತ್ತಿದರೆ ಕಡುಗೆಂಪು ರಸ. ಇದು ಕಾಚಿನೀಲ್ ಹುಳುವಿನ ಕುಲ, ಇದರ ಹಿಂದೆ ದೊಡ್ಡ ಚರಿತ್ರೆಯಿದೆ. ಈ ಕೆಂಪು ಬಣ್ಣದ ವ್ಯಾಪಾರದ ಆಸೆಗೆ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಕಳ್ಳಿಯನ್ನೂ ಹುಳುವನ್ನೂ ಸಾಕಲು ಹೊರಟಿತು. 1795ರಲ್ಲಿ ಬ್ರೆಜಿಲಿನಿಂದ ಬಂದದ್ದು ಕಡಿಮೆ ಬಣ್ಣ ಕೊಡುವ ಕಾಡು ಜಾತಿ. ಬಣ್ಣದ ಲಾಭ ಕೈಗೂಡಲಿಲ್ಲ, ಹುಳು ಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ಅದನ್ನು ಕಂಡು 1836-38ರ ಹೊತ್ತಿಗೆ, ಹೊಲಗಳಿಗೆ ನುಗ್ಗಿದ್ದ ಕಳ್ಳಿಯನ್ನು ಅಡಗಿಸಲೆಂದೇ ಆ ಹುಳುವನ್ನು ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದಕ್ಕೆ ಬಗ್ಗದೆ ಉಳಿದಿದ್ದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಬೇರೆ ಹುಳು ಬಂತು. ಕಡ್ಡಿಯ ತುದಿಯ ಆ ಕೆಂಪನ್ನು ತಕ್ಷಣ ಒರೆಸಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಬಿಳಿ ಕಾಗದಕ್ಕೆ ಒತ್ತಿ ನೋಡಿ, ಆಮೇಲೆ ಗಿಡವನ್ನು ತೊಳೆಯುತ್ತೇನೆ.

ಕೊನೆಗೆ ಉಳಿಯುವುದು ಗೋಡೆಯ ಪಕ್ಕದ ಬ್ರಹ್ಮಕಮಲ. ನಮ್ಮ ಊರುಗಳಲ್ಲಿ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುವ ಆ ಹೂವಿನ ಗಿಡವೂ ಕಳ್ಳಿಯೇ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಎಲೆಯಂತೆ ಕಾಣುವುದು ಅದರ ಚಪ್ಪಟೆ ಕಾಂಡ, ಮುಳ್ಳು ಇಲ್ಲವೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎರಡು ನಿಮಿಷದಲ್ಲಿ ಫಳಫಳ. ಹೂವಿಗೆ ನಾನೂ ಮಧ್ಯರಾತ್ರಿಯವರೆಗೆ ಕಾದು ಕೂರುವವಳೇ. ಒರೆಸುವಾಗ ಮಾತ್ರ ನನ್ನ ಕಣ್ಣು ಗೋಲ್ಡನ್ ಬ್ಯಾರೆಲಿನ ಕಡೆಗೇ ಇರುತ್ತದೆ, ಅಲ್ಲಿ ಇನ್ನೊಂದು ಎಲೆ ಬಿತ್ತೇನೋ ಎಂದು.