ಅಳಿಸಿ ಬರೆದ ಹೆಸರು

ಮಾನಕಷಾಯವನ್ನು ಕುರಿತು ಚಿಂತಿಸುವವರು ಬೈಬಲಿನ ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದಲ್ಲಿ 4ನೆಯ ಅಧ್ಯಾಯವನ್ನು ಓದತಕ್ಕದ್ದು. ಮುಗಿಲು ಮುಟ್ಟಿದ ಮರವನ್ನು ಕಡಿಯಬೇಕೆಂಬ ಆಜ್ಞೆಯನ್ನು ಬಾಬೆಲಿನ ಅರಸ ನೆಬೂಕದ್ನೆಚ್ಚರನು ಕನಸಿನಲ್ಲಿ ಕೇಳುತ್ತಾನೆ. ಆ ಮರ ನೀನೇ ಎಂದು ಪ್ರವಾದಿ ದಾನಿಯೇಲನು ಅರ್ಥ ಹೇಳಿ, ದೀನರಿಗೆ ಕರುಣೆ ತೋರೆಂದು ಎಚ್ಚರಿಸುತ್ತಾನೆ. ಹನ್ನೆರಡು ತಿಂಗಳ ಬಳಿಕವೂ ಅರಸನು ಈ ಮಹಾನಗರವನ್ನು ಕಟ್ಟಿದವನು ತಾನೇ ಎಂದು ಬೀಗುತ್ತಾನೆ; ಮತಿಗೆಟ್ಟು ಎತ್ತಿನಂತೆ ಹುಲ್ಲು ಮೇಯುತ್ತಾನೆ. ಕಣ್ಣೆತ್ತಿ ದೇವರನ್ನು ನೆನೆದಾಗ ಬುದ್ಧಿ ಮರಳುತ್ತದೆ.

ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿ ಷಟ್ಖಂಡಗಳನ್ನು ಗೆದ್ದ ಭರತನು ವೃಷಭಾಚಲದಲ್ಲಿ ತನ್ನ ಹೆಸರು ಕೆತ್ತಿಸಲು ಹೋಗುತ್ತಾನೆ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅಲ್ಲಿ ತೆರಪೇ ಇಲ್ಲ. ಗರ್ವ ಇಳಿಯುತ್ತದೆ. ಆದರೂ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ!

ಎರಡನ್ನೂ ತೂಗಿ ನೋಡೋಣ. ಬಾಬೆಲಿನ ಅರಸನನ್ನು ಬಾಗಿಸಿದ್ದು ಹೊರಗಿನ ದಂಡನೆ. ದಂಡನೆಗೆ ಅಂಜಿ ಬಾಗುವುದನ್ನು ನಮ್ಮ ಶಾಸ್ತ್ರವು ಉತ್ತಮ ಮಾರ್ದವವೆಂದು ಒಪ್ಪಲಾರದು. ಭರತನನ್ನು ದಂಡಿಸುವವರಿಲ್ಲ, ಶಿಲೆಯನ್ನು ಓದಿಯೇ ಅವನು ತಿಳಿದನು. ಈ ದೃಷ್ಟಿಯಿಂದ ಪಂಪನ ಪ್ರಸಂಗ ಹೆಚ್ಚು ಸೂಕ್ಷ್ಮವಾದುದು. ಆದರೆ ತಿಳಿದ ಮೇಲೂ ಕೈ ತಡೆಯಲಿಲ್ಲ. ತಡೆಯುವವರು ಯಾರೂ ಬಳಿಯಲ್ಲಿರಲಿಲ್ಲ. ಅರಸನ ಮುಖಕ್ಕೇ ನುಡಿದ ದಾನಿಯೇಲನ ಹಿರಿಮೆ ಇಲ್ಲಿದೆ. ಅವನ ಭವಿಷ್ಯವಾಣಿ ಶಾಪವಲ್ಲ, ತಿದ್ದಿಕೊಳ್ಳಲು ಕೊಟ್ಟ ಅವಧಿ.

ಗೋಕಾಕ ಫಾಲ್ಸ್‌ನಿಂದ ಹುಕ್ಕೇರಿಯವರೆಗೆ ಯಾವ ಬಸದಿಯ ಜೀರ್ಣೋದ್ಧಾರದಲ್ಲಾದರೂ ಹಳೆಯ ದಾನಿಯ ಹೆಸರಿನ ಕಲ್ಲು ಕಿತ್ತು ಹೊಸತನ್ನು ಕೂಡಿಸುವ ಮಾತು ಬಂದರೆ, ವಿಶ್ವಸ್ತ ಮಂಡಳಿಯಲ್ಲಿ ಒಬ್ಬರಾದರೂ ಎದ್ದು ನಿಂತು ಬೇಡವೆನ್ನಬೇಕು. ಅಂಥವರ ಮಾತಿಗೆ ಕಿವಿಗೊಡುವುದೂ ಮಾರ್ದವವೇ.